ಬೀಗ ಮಾಡುವವನ ಮಗ ಮತ್ತು ನಮ್ಮ 3.9 ಕಿಲೋ ಓಮ್

ಲ್ಯಾಬಿನಲ್ಲಿ ದಿನಕ್ಕೆ ಎಷ್ಟು ಸಲ ಓಮ್ ಅಂತೀವೋ ಲೆಕ್ಕ ಇಟ್ಟವರಿಲ್ಲ. ರೆಸಿಸ್ಟರ್ ಡಬ್ಬಿ ಮೇಲೆ, ಮಲ್ಟಿಮೀಟರ್ ಮೇಲೆ, ಪರೀಕ್ಷೆ ಪೇಪರ್ ಮೇಲೆ, ಎಲ್ಲಾ ಕಡೆ ಅದೇ ಹೆಸರು. ಅದು ಒಬ್ಬ ಸಾಲಿ ಮಾಸ್ತರರ ಹೆಸರು ಅನ್ನೋದನ್ನ ಹತ್ತನೇ ತರಗತಿಯಲ್ಲಿ ಒಂದು ಸಾಲು ಓದಿ ಮರೆತಿರ್ತೀವಿ. ನಾವೂ ಮರೆತಿದ್ವಿ. ಹೋದ ವರ್ಷ ಕೌಜಲಗಿಯ ಒಂದು ಹೊಲದಲ್ಲಿ ತಲೆ ತಗ್ಗಿಸಿ ನಿಲ್ಲೋ ಹೊತ್ತು ಬಂದಾಗ ಆ ಮಾಸ್ತರರ ನೆನಪಾಯಿತು. ಈ ಲೇಖನ ಅವರ ಬಗ್ಗೆ. ಆದರೆ ಹೊಲದ ಕಥೆ ಬಿಟ್ಟು ಅವರ ಕಥೆ ಹೇಳೋಕೆ ನಮಗೆ ಆಗೋದಿಲ್ಲ.

ಗೋಕಾಕ, ಮೂಡಲಗಿ ಕಡೆಯ ಗೆಳೆಯರಿಗೆ ಕೌಜಲಗಿ ಗೊತ್ತೇ ಇರ್ತದ. ಶ್ರೀಕೃಷ್ಣ ಪಾರಿಜಾತ ಆಟದ ದೊಡ್ಡ ಕಲಾವಿದೆ ಕೌಜಲಗಿ ನಿಂಗಮ್ಮನವರ ಊರು ಅದು. ನಮ್ಮ ಪ್ರಾಜೆಕ್ಟ್ ಗುಂಪಿನ ಒಬ್ಬ ಗೆಳೆಯನ ಕಾಕಾ ಅಲ್ಲಿ ಮೆಣಸಿನಕಾಯಿ ಸಸಿ ಮಡಿ ಮಾಡಿದ್ದರು. ಮಣ್ಣಿನ ತೇವ ಅಳೆದು ಪರದೆ ಮೇಲೆ ತೋರಿಸೋ ಒಂದು ಡಬ್ಬಿ ಮಾಡಿ ಅಲ್ಲಿ ಕೂರಿಸಿದ್ವಿ. ತೇವ ಕಮ್ಮಿ ಆದಾಗ ಕಾಕಾ ಮೋಟಾರ್ ಚಾಲೂ ಮಾಡಬೇಕು, ಅಷ್ಟೇ ಕೆಲಸ. ಕಾಲೇಜಿನ ಟೇಬಲ್ ಮೇಲೆ ಹದಿನೈದು ದಿನ ಒಂದು ತಪ್ಪಿಲ್ಲದೆ ಓಡಿತ್ತು. ಹೊಲದಲ್ಲಿ ಒಂದು ದಿನ ಓದಿತು, ಆಮೇಲೆ ಒಮ್ಮೆ ಓದೋದು, ಒಮ್ಮೆ ಬಿಡೋದು, ಕೊನೆಗೆ ಸುಮ್ಮನಾಯಿತು. ಸೆನ್ಸರ್ ಉತ್ತರ ಕೊಡದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸೋ ಹಂಗ ನಾವು ಕೋಡ್ ಬರೆದಿದ್ವಿ. ಹಿಂಗಾಗಿ ಪರದೆ ಮೇಲೆ ತೇವ ಸಾಕಷ್ಟಿದೆ ಅನ್ನೋ ಅಂಕಿ ಹಂಗೇ ನಿಂತಿತ್ತು. ಕಾಕಾ ನಮ್ಮನ್ನು ನಂಬಿ ಎರಡು ದಿನ ನೀರು ಬಿಡಲಿಲ್ಲ. ಬಿಸಿಲಿಗೆ ಅರ್ಧ ಮಡಿ ಬಾಡಿ ಬಿತ್ತು. ಅವರು ಒಂದು ಮಾತು ಬೈಯಲಿಲ್ಲ, ಅದೇ ನಮಗೆ ಹೆಚ್ಚು ನೋವಾಯಿತು.

ಟೇಬಲ್ ಮೇಲೆ ನಡೆದದ್ದು ಹೊಲದಲ್ಲಿ ಯಾಕೆ ನಡೆಯಲಿಲ್ಲ? ಇಂಥದೇ ಒಂದು ಪ್ರಶ್ನೆಯನ್ನು ಎರಡು ನೂರು ವರ್ಷದ ಹಿಂದೆ ಇನ್ನೊಬ್ಬರು ಎದುರಿಸಿದ್ದರು.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಬೀಗ ಮಾಡುವ ಕಸುಬಿನವರು. ತಾಯಿ ಮಾರಿಯಾ ಎಲಿಜಬೆತ್ ದರ್ಜಿಯ ಮಗಳು. ಏಳು ಮಕ್ಕಳಲ್ಲಿ ಉಳಿದದ್ದು ಮೂವರೇ. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡರು. ತಂದೆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಹಗಲು ಕಬ್ಬಿಣ ಅರೆದು ರಾತ್ರಿ ತಾವೇ ಗಣಿತ ಕಲಿತಿದ್ದರು, ಕಲಿತದ್ದನ್ನು ಮಕ್ಕಳಿಗೆ ಕಲಿಸಿದರು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ತತ್ವಶಾಸ್ತ್ರ ಎಲ್ಲವೂ ಆ ಮನೆಯಲ್ಲೇ ನಡೆಯಿತು. ಎರ್ಲಾಂಗೆನ್‌ನ ಪ್ರೊಫೆಸರ್ ಲಾಂಗ್ಸ್‌ಡೋರ್ಫ್ ಒಮ್ಮೆ ಹುಡುಗನನ್ನು ಕೂರಿಸಿ ಪರೀಕ್ಷೆ ಮಾಡಿ, ಈ ಮನೆಯ ಮಕ್ಕಳು ಬರ್ನೌಲಿ ಮನೆತನದವರ ಹಾಗೆ ಬೆಳೆಯುತ್ತಾರೆಂದು ಮೆಚ್ಚಿದರು. ತಮ್ಮ ಮಾರ್ಟಿನ್ ಮುಂದೆ ಗಣಿತಜ್ಞನೇ ಆದ.

1805ರಲ್ಲಿ ಜಾರ್ಜ್ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಮಾಡಿದ್ದೇನು? ಕುಣಿತ, ಹಿಮದ ಮೇಲೆ ಜಾರುವ ಆಟ, ಬಿಲಿಯರ್ಡ್ಸ್. ನಮ್ಮಲ್ಲಿ ಯಾರಿಗಾದರೂ ಮೊದಲ ಸೆಮಿಸ್ಟರ್ ನೆನಪಾದರೆ ನಾವೇನೂ ಹೇಳೋದಿಲ್ಲ. ಮೂರು ಸೆಮಿಸ್ಟರ್ ಆದ ಮೇಲೆ ತಂದೆಯ ತಾಳ್ಮೆ ಮುಗಿಯಿತು. ತಾವು ಬಯಸಿಯೂ ಪಡೆಯದ ವಿದ್ಯೆಯನ್ನು ಮಗ ಹಾಳು ಮಾಡುತ್ತಿದ್ದಾನೆ ಎಂಬ ಸಿಟ್ಟು ಅವರದು. ಓದು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು. 1806ರಲ್ಲಿ, ಹದಿನೇಳರ ವಯಸ್ಸಿಗೆ, ಜಾರ್ಜ್ ಅಲ್ಲಿನ ಒಂದು ಶಾಲೆಯಲ್ಲಿ ಗಣಿತದ ಮಾಸ್ತರನಾದ. ಅಲ್ಲೇ ಬುದ್ಧಿ ಬಂತು. ಪಾಠ ಮಾಡುತ್ತಲೇ ದೊಡ್ಡ ಗಣಿತಜ್ಞರ ಪುಸ್ತಕಗಳನ್ನು ಒಬ್ಬನೇ ಓದಿ ಮುಗಿಸಿದ. 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದ.

ಡಾಕ್ಟರೇಟ್ ಬಂದರೂ ಕೆಲಸ ಸುಲಭವಾಗಿ ಸಿಗಲಿಲ್ಲ. ಎರ್ಲಾಂಗೆನ್‌ನಲ್ಲಿ ಪಾಠ ಹೇಳಿದರೂ ಹೊಟ್ಟೆ ತುಂಬುತ್ತಿರಲಿಲ್ಲ. 1813ರಲ್ಲಿ ಬಾಂಬೆರ್ಗ್ ಊರಿನ ಒಂದು ಸಾಧಾರಣ ಶಾಲೆ ಸೇರಿದರು. 1817ರಲ್ಲಿ ಕಲೋನ್ ಊರಿನ ಜೆಸ್ಯೂಟ್ ಪ್ರೌಢಶಾಲೆಗೆ ಗಣಿತ, ಭೌತಶಾಸ್ತ್ರದ ಮಾಸ್ತರರಾಗಿ ಹೋದ ಮೇಲೆ ದೆಸೆ ತಿರುಗಿತು. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಶಾಲೆ ಇತ್ತು. ಬೀಗದವನ ಮಗನ ಕೈಗೆ ಅರ, ಸುತ್ತಿಗೆ, ತಂತಿ ಹೊಸದಲ್ಲ. ಬೇಕಾದ ಉಪಕರಣ ತಾವೇ ಮಾಡಿಕೊಂಡರು.

ಆಗ ಬ್ಯಾಟರಿ ಹುಟ್ಟಿ ಇಪ್ಪತ್ತು ಚಿಲ್ಲರೆ ವರ್ಷವಾಗಿತ್ತು. ವೋಲ್ಟಾ ಅವರ ಬ್ಯಾಟರಿಗೆ ತಂತಿ ಹಚ್ಚಿದರೆ ಏನೋ ಹರಿಯುತ್ತದೆ, ಹತ್ತಿರದ ಅಯಸ್ಕಾಂತದ ಸೂಜಿ ತಿರುಗುತ್ತದೆ, ಇಷ್ಟು ಗೊತ್ತಿತ್ತು. ತಂತಿ ಉದ್ದವಾದರೆ ಹರಿವು ಎಷ್ಟು ಕಮ್ಮಿಯಾಗುತ್ತದೆ? ಇದಕ್ಕೆ ಒಂದು ಸೂತ್ರ ಹುಡುಕಲು ಓಮ್ ಕೂತರು. 1825ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಅದರಲ್ಲಿದ್ದ ಸೂತ್ರ ಲಾಗರಿದಮ್ಮಿನದು. ಅದು ತಪ್ಪಾಗಿತ್ತು.

ತಂತಿಗಳ ಅಳತೆಯಲ್ಲಿ ದೋಷ ಇರಲಿಲ್ಲ, ತಪ್ಪು ಬ್ಯಾಟರಿಯಲ್ಲಿತ್ತು. ಆ ಕಾಲದ ಬ್ಯಾಟರಿ ಕರೆಂಟ್ ಕೊಡುತ್ತ ಕೊಡುತ್ತ ಬಲ ಕಳೆದುಕೊಳ್ಳುತ್ತಿತ್ತು. ತಂತಿ ಬದಲಿಸಿದಾಗ ಬ್ಯಾಟರಿಯೂ ಬದಲಾಗುತ್ತಿತ್ತು. ಯಾವುದು ಸ್ಥಿರವಾಗಿದೆ ಅಂದುಕೊಂಡಿದ್ದರೋ ಅದೇ ಅಲುಗಾಡುತ್ತಿತ್ತು.

ಇದನ್ನ ಓದಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ನಮ್ಮ ಕಥೆಯೂ ಇದೇ. ಟೇಬಲ್ ಮೇಲೂ ಹೊಲದಲ್ಲೂ ಅದೇ ಬೋರ್ಡು, ಅದೇ ಕೋಡು, ಏನೂ ಬದಲಾಗಿಲ್ಲ ಅಂತ ವಾದ ಮಾಡಿದ್ವಿ. ಬದಲಾಗಿದ್ದು ತಂತಿ. ಟೇಬಲ್ ಮೇಲೆ ಒಂದು ಗೇಣು, ಹೊಲದಲ್ಲಿ 3 ಮೀಟರ್. ತಂತಿ ಅಂದ್ರೆ ತಂತಿ, ಅದರಲ್ಲೇನು ಅಂತ ಬಿಟ್ಟಿದ್ವಿ.

ಬೇರೆ ಬ್ರ್ಯಾಂಚಿನ ಗೆಳೆಯರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀವಿ. ನಮ್ಮ ಡಬ್ಬಿಯೊಳಗೆ ಚಿಪ್‌ಗಳು ಮಾತಾಡೋದು ಐ2ಸಿ ಅನ್ನೋ ಸೀರಿಯಲ್ ಬಸ್ಸಿನ ಮೇಲೆ. ಫಿಲಿಪ್ಸ್ ಕಂಪನಿ 1982ರಲ್ಲಿ ತಂದದ್ದು. ಎಷ್ಟೇ ಚಿಪ್ ಇದ್ದರೂ ಮಾಹಿತಿಗೊಂದು, ಗಡಿಯಾರದ ತಾಳಕ್ಕೊಂದು, ಎರಡೇ ತಂತಿ. ಇದರ ಗುಟ್ಟು ಏನಂದ್ರೆ, ಯಾವ ಚಿಪ್ಪೂ ತಂತಿಯನ್ನು ಮೇಲಕ್ಕೆ ತಳ್ಳೋದಿಲ್ಲ, ಬೇಕಾದಾಗ ಕೆಳಕ್ಕೆ ಮಾತ್ರ ಎಳೀತದ. ಎಲ್ಲರೂ ಕೈ ಬಿಟ್ಟಾಗ ತಂತಿಯನ್ನು ಮೇಲಕ್ಕೆ ತರೋದು ಸಪ್ಲೈಗೆ ಕಟ್ಟಿದ ಒಂದು ರೆಸಿಸ್ಟರ್, ಅದೇ ಪುಲ್-ಅಪ್. ಪಾರಿಜಾತದ ಹಿಮ್ಮೇಳದಲ್ಲಿ ಯಾರೂ ಹಾಡದಿದ್ದಾಗಲೂ ಹಾರ್ಮೋನಿಯಂ ಶ್ರುತಿ ಹಿಡಿದಿರ್ತದಲ್ಲ, ಹಂಗ.

ಇನ್ನು ತಂತಿ ಅಂದ್ರೆ ಒಂದು ಸಣ್ಣ ಕೆಪ್ಯಾಸಿಟರ್ ಕೂಡ ಹೌದು. ಕೈ ಬಿಟ್ಟ ಮೇಲೆ ಆ ಕೆಪ್ಯಾಸಿಟರ್ ತುಂಬಿಯೇ ತಂತಿ ಮೇಲೇಳಬೇಕು, ತುಂಬೋ ನೀರು ಪುಲ್-ಅಪ್ ಎಂಬ ಕೊಳವೆಯಿಂದಲೇ ಬರಬೇಕು. ಕೊಳವೆ ಸಣ್ಣದು, ಹಂಡೆ ದೊಡ್ಡದು ಆದರೆ ತಡ ಆಗ್ತದ. ನಮ್ಮಲ್ಲಿ ಆದದ್ದು ಅದೇ.

ಈಗ ಮತ್ತೆ ಕಲೋನ್‌ಗೆ ಹೋಗೋಣ. ಅನಾಲೆನ್ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್, ಬ್ಯಾಟರಿ ಬಿಟ್ಟು ಥರ್ಮೋಕಪಲ್ ಬಳಸುವಂತೆ ಓಮ್ ಅವರಿಗೆ ಸೂಚಿಸಿದರು. ಅದನ್ನು 1821ರಲ್ಲಿ ಸೀಬೆಕ್ ಕಂಡುಹಿಡಿದಿದ್ದರು. ಎರಡು ಬೇರೆ ಲೋಹಗಳನ್ನು ಸೇರಿಸಿ ಒಂದು ಬೆಸುಗೆಯನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ ಹುಟ್ಟುತ್ತದೆ. ಓಮ್ ಬಿಸ್ಮತ್ ಮತ್ತು ತಾಮ್ರ ಸೇರಿಸಿದರು. ಒಂದು ತುದಿ ಕುದಿಯುವ ನೀರಿಗೆ, ಇನ್ನೊಂದು ಕರಗುವ ಮಂಜುಗಡ್ಡೆಗೆ. ನೀರು ಕುದಿಯುವ ಬಿಸಿ, ಮಂಜು ಕರಗುವ ತಂಪು ಎರಡೂ ಅಲುಗಾಡುವುದಿಲ್ಲ, ಹೀಗಾಗಿ ಬಲವೂ ಅಲುಗಾಡುವುದಿಲ್ಲ. ಒಂದೇ ದಪ್ಪದ ಎಂಟು ತಾಮ್ರದ ತಂತಿ ಕತ್ತರಿಸಿದರು: 2, 4, 6, 10, 18, 34, 66, 130 ಇಂಚು. 1826ರ ಜನವರಿಯಲ್ಲಿ ದಿನದಿನ ಕೂತು ಅಳೆದರು. ಸೂಜಿಯ ತಿರುವು ತೋರಿಸಿದ್ದು ಬಹಳ ಸರಳ ಸೂತ್ರ. ಹರಿವು ಅಂದರೆ ತಳ್ಳುವ ಬಲವನ್ನು ಎರಡು ಭಾಗಗಳ ಮೊತ್ತದಿಂದ ಭಾಗಿಸಿದ್ದು. ಒಂದು ಭಾಗ ಪರೀಕ್ಷೆಯ ತಂತಿಯ ಉದ್ದ, ಇನ್ನೊಂದು ಉಳಿದ ಮಂಡಲದ ತಡೆ.

ಹಿಂದಿನ ವರ್ಷ ತಾವೇ ಅಚ್ಚು ಹಾಕಿಸಿದ್ದ ಸೂತ್ರ ಕೈಬಿಟ್ಟು, 1826ರಲ್ಲಿ ಹೊಸದನ್ನು ಪ್ರಕಟಿಸಿದರು. ವರ್ಷಗಟ್ಟಲೆ ಮಾಸ್ತರಿಕೆ ಮಾಡಿ ವಿಶ್ವವಿದ್ಯಾಲಯದ ಕೆಲಸಕ್ಕೆ ಕಾದು ಕೂತ ಮನುಷ್ಯ, ತನ್ನ ಹೆಸರಿನ ಲೇಖನವನ್ನು ತಾನೇ ತಿದ್ದೋದು ಸಣ್ಣ ಮಾತಲ್ಲ.

ನಮಗೂ ತಿದ್ದಿಕೊಳ್ಳೋದಿತ್ತು. ಅಳೆಯೋದರಿಂದ ಶುರು ಮಾಡಿದ್ವಿ. ಮೀಟರ್ ಹಚ್ಚಿದರೆ ಟೇಬಲ್ ಮೇಲಿನ ತಂತಿ, ಚಿಪ್ ಎಲ್ಲ ಸೇರಿ ಸುಮಾರು 50 ಪಿಕೋಫ್ಯಾರಡ್, ಹೊಲದ 3 ಮೀಟರ್ ಕೇಬಲ್ ಸೇರಿ ಸುಮಾರು 300. ಪುಲ್-ಅಪ್ ಎಷ್ಟಿತ್ತು? ನಾವು ಒಂದನ್ನೂ ಹಾಕಿರಲಿಲ್ಲ. ಸೆನ್ಸರ್ ಬೋರ್ಡಿನ ಮೇಲೆ 10 ಕಿಲೋ ಓಮ್, ಲೆವೆಲ್ ಶಿಫ್ಟರ್ ಬೋರ್ಡಿನ ಮೇಲೆ 10 ಕಿಲೋ ಓಮ್ ಮೊದಲೇ ಕೂತಿದ್ದವು. ಎರಡೂ ಪ್ಯಾರಲಲ್, ಅಂದ್ರೆ 5 ಕಿಲೋ ಓಮ್. ಏರುವ ಸಮಯ ಅಂದ್ರೆ ರೆಸಿಸ್ಟನ್ಸ್, ಕೆಪ್ಯಾಸಿಟನ್ಸ್ ಮತ್ತು 0.8473, ಈ ಮೂರರ ಗುಣಲಬ್ಧ. ಸಪ್ಲೈನ ಶೇಕಡಾ 30ರಿಂದ 70ಕ್ಕೆ ಏರುವ ಲೆಕ್ಕದಿಂದ ಆ ಸಂಖ್ಯೆ ಬರ್ತದ. ಟೇಬಲ್ ಮೇಲೆ 210 ನ್ಯಾನೋಸೆಕೆಂಡ್, ಹೊಲದಲ್ಲಿ 1270. ಬಸ್ಸನ್ನು ನಾವು ಓಡಿಸಿದ್ದು 400 ಕಿಲೋಹರ್ಟ್ಸ್‌ನಲ್ಲಿ, ಅಲ್ಲಿ ಮಿತಿ 300 ನ್ಯಾನೋಸೆಕೆಂಡ್. ಟೇಬಲ್ ಮೇಲೆ ಪಾಸ್, ಹೊಲದಲ್ಲಿ ನಾಲ್ಕು ಪಟ್ಟು ಫೇಲ್. ಸಸಿ ಬಾಡಿದ್ದರ ಕಾರಣ ಒಂದು ಗುಣಾಕಾರದೊಳಗೆ ಇತ್ತು.

ಲೆವೆಲ್ ಶಿಫ್ಟರ್ ಯಾಕೆ ಬೇಕಿತ್ತು ಅಂದ್ರೆ, ನಮ್ಮ ಮೈಕ್ರೋಕಂಟ್ರೋಲರ್ ಮತ್ತು ಸೆನ್ಸರ್ 3.3 ವೋಲ್ಟಿನವು, ಎಲ್‌ಸಿಡಿ ಪರದೆ 5 ವೋಲ್ಟಿನದು. 5 ವೋಲ್ಟಿನ ಚಿಪ್ ಒಂದನ್ನು ಒಂದು ಅಂತ ಒಪ್ಪಬೇಕಾದರೆ ಸಪ್ಲೈನ ಶೇಕಡಾ 70, ಅಂದ್ರೆ 3.5 ವೋಲ್ಟ್ ಬೇಕು. 3.3 ಅಲ್ಲಿಗೆ ಮುಟ್ಟೋದಿಲ್ಲ. ಮುಟ್ಟಿದಂಗ ಕಂಡರೂ ಅದು ಪುಣ್ಯ, ಡಿಸೈನ್ ಅಲ್ಲ. ಮೇಲಾಗಿ ಪರದೆಯ ಬೋರ್ಡಿನ ಪುಲ್-ಅಪ್ 5 ವೋಲ್ಟನ್ನು ನೇರ ನಮ್ಮ 3.3ರ ಪಿನ್ನಿಗೆ ತರ್ತದ. ನಾವು ಬಳಸಿದ್ದು ಬಿಎಸ್‌ಎಸ್138 ಮಾಸ್‌ಫೆಟ್ ಇರುವ ಸಾದಾ ಶಿಫ್ಟರ್. ಗೇಟ್ 3.3ಕ್ಕೆ, ಸೋರ್ಸ್ ಸಣ್ಣ ವೋಲ್ಟಿನ ಕಡೆ, ಡ್ರೇನ್ ದೊಡ್ಡ ವೋಲ್ಟಿನ ಕಡೆ. ಎರಡೂ ಕಡೆ ಪುಲ್-ಅಪ್. ಯಾವ ಕಡೆಯವರು ಕೆಳಗೆ ಎಳೆದರೂ ಇನ್ನೊಂದು ಕಡೆ ಕೆಳಗೆ ಬರ್ತದ. ಐ2ಸಿಗೆ ಈ ಆಯ್ಕೆ ಸರಿಯೇ ಇತ್ತು. ಟಿಎಕ್ಸ್‌ಬಿ0104ನಂಥ ಚಿಪ್ ತಂದಿದ್ದರೆ ಕೆಲಸ ಕೆಡುತ್ತಿತ್ತು. ಅದು ತಂತಿಯನ್ನು ಎರಡೂ ಕಡೆ ತಾನೇ ತಳ್ಳುವ ಜಾತಿಯದು, ಪುಲ್-ಅಪ್ ಜೊತೆ ಅದಕ್ಕೆ ಹೊಂದೋದಿಲ್ಲ.

ಹಂಗಾದ್ರೆ ಸಣ್ಣ ರೆಸಿಸ್ಟರ್ ಹಾಕಿದರೆ ಮುಗೀತಲ್ಲ? ನಾವೂ ಹಂಗೇ ಅಂದ್ಕೊಂಡು 1 ಕಿಲೋ ಓಮ್ ಕೈಗೆ ತಗೊಂಡಿದ್ವಿ. ಅಲ್ಲಿ ಓಮ್ ಮಾಸ್ತರರು ತಡೆದರು. ಕೆಳಗೆ ಎಳೆಯುವ ಚಿಪ್ 0.4 ವೋಲ್ಟಿನೊಳಗೆ ತಂತಿಯನ್ನು ಹಿಡಿದು 3 ಮಿಲಿಆಂಪಿಯರ್ ನುಂಗಬಲ್ಲದು, ಖಾತ್ರಿ ಅಷ್ಟಕ್ಕೇ. ಶಿಫ್ಟರ್ ಇದ್ದಾಗ ಎರಡೂ ಕಡೆಯ ಪುಲ್-ಅಪ್ ಕರೆಂಟ್ ಅದೇ ಒಂದು ಚಿಪ್ಪಿನ ಹೊಟ್ಟೆಗೆ ಬೀಳ್ತದ. 5 ವೋಲ್ಟ್ ಕಡೆ ಪರದೆಯ 4.7 ಮತ್ತು ಶಿಫ್ಟರಿನ 10 ಸೇರಿ 3.2 ಕಿಲೋ ಓಮ್, ಅಲ್ಲಿಂದ 1.44 ಮಿಲಿಆಂಪಿಯರ್. 3.3ರ ಕಡೆ 1 ಕಿಲೋ ಓಮ್ ಸೇರಿಸಿದ್ದರೆ 3.48. ಒಟ್ಟು 4.9. ಮಿತಿ ಮೀರಿತು.

400 ಕಿಲೋಹರ್ಟ್ಸ್ ಉಳಿಸಿಕೊಳ್ಳಬೇಕಾದರೆ 3.3ರ ಕಡೆ 1.18 ಕಿಲೋ ಓಮ್ ಮೀರುವಂತಿಲ್ಲ, ಆಗಲೂ ಒಟ್ಟು ಕರೆಂಟ್ 3.9. ಅಂದ್ರೆ ಈ ಕೇಬಲ್ಲಿಗೆ ಆ ವೇಗ ಸಾಧ್ಯವೇ ಇಲ್ಲ. ಮಣ್ಣಿನ ತೇವಕ್ಕೆ ಅಂಥ ಅವಸರ ಏನಿದೆ? ವೇಗವನ್ನು 100 ಕಿಲೋಹರ್ಟ್ಸ್‌ಗೆ ಇಳಿಸಿದ್ವಿ, ಮಿತಿ 1000 ನ್ಯಾನೋಸೆಕೆಂಡ್ ಆಯಿತು. ಎರಡೂ ತಂತಿಗೆ ಒಂದೊಂದು 3.9 ಕಿಲೋ ಓಮ್ ಹಾಕಿದ್ವಿ. ಇದ್ದ 5ರ ಜೊತೆ ಪ್ಯಾರಲಲ್ ಆಗಿ 2.2. ಏರುವ ಸಮಯ 560 ನ್ಯಾನೋಸೆಕೆಂಡ್, ಕರೆಂಟ್ 1.32 ಮತ್ತು 1.44 ಸೇರಿ 2.76. ಎರಡೂ ಮಿತಿಯೊಳಗೆ. ಆ 3.9 ಕಿಲೋ ಓಮ್ ಊಹೆಯಿಂದ ಬಂದದ್ದಲ್ಲ.

ಇಷ್ಟು ಲೆಕ್ಕ ನಾವು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮಾಡಿದ್ವಿ. ಈ ಲೆಕ್ಕ ಮಾಡಬಹುದು ಅನ್ನೋದನ್ನ ಜಗತ್ತಿಗೆ ಹೇಳಿದವರು ಕೊಟ್ಟ ಬೆಲೆ ಬೇರೆ.

1826ರಲ್ಲಿ ಓಮ್ ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ನಲ್ಲಿ ತಮ್ಮನ ಬಳಿ ಇದ್ದು ಪುಸ್ತಕ ಬರೆದರು. ವಿದ್ಯುತ್ ಮಂಡಲವನ್ನು ಗಣಿತದಿಂದ ವಿವರಿಸಿದ ಆ ಪುಸ್ತಕ 1827ರಲ್ಲಿ ಹೊರಬಂತು. ಇದರಿಂದ ವಿಶ್ವವಿದ್ಯಾಲಯದಲ್ಲಿ ಜಾಗ ಸಿಗುತ್ತದೆಂದು ಕಾದರು. ಪುಸ್ತಕಕ್ಕೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಪ್ರಕೃತಿಯನ್ನು ಹೀಗೆ ಗಣಿತದ ಚೌಕಟ್ಟಿಗೆ ಹಾಕುವುದನ್ನು ಆಗಿನ ಜರ್ಮನಿಯ ಬಹಳ ಪಂಡಿತರು ಒಪ್ಪುತ್ತಿರಲಿಲ್ಲ. ಪೋಲ್ ಎಂಬ ವಿದ್ವಾಂಸರು ಕಟುವಾದ ವಿಮರ್ಶೆ ಬರೆದರು. ನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಒಳ್ಳೆಯ ಪ್ರಯೋಗಶಾಲೆಯೂ ಅದರ ಜೊತೆಗೇ ಹೋಯಿತು. ಮುಂದಿನ ವರ್ಷಗಳಲ್ಲಿ ಬರ್ಲಿನ್‌ನ ಸೈನಿಕ ಶಾಲೆಯಲ್ಲಿ ವಾರಕ್ಕೆ ಮೂರು ಗಣಿತದ ಪಾಠ, ಅದೇ ಜೀವನ. ವಯಸ್ಸು ನಲವತ್ತು ದಾಟಿತು. 1833ರಲ್ಲಿ ನ್ಯೂರೆಂಬರ್ಗ್ ಪಾಲಿಟೆಕ್ನಿಕ್‌ನಲ್ಲಿ ಕೆಲಸ ಸಿಕ್ಕಿತು. ಮದುವೆ ಆಗಲಿಲ್ಲ.

ಪುಸ್ತಕ ಬಂದ ಹದಿನಾಲ್ಕು ವರ್ಷಕ್ಕೆ, 1841ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲೆ ಪದಕ ಕೊಟ್ಟಿತು. ಮರುವರ್ಷ ವಿದೇಶಿ ಸದಸ್ಯರನ್ನಾಗಿ ಮಾಡಿಕೊಂಡಿತು. ಆ ಹೊತ್ತಿಗೆ ಟೆಲಿಗ್ರಾಫ್ ಬರುತ್ತಿತ್ತು. ಮೈಲುಗಟ್ಟಲೆ ತಂತಿ ಎಳೆಯುವವರಿಗೆ ಓಮ್ ಅವರ ಲೆಕ್ಕ ಬಿಟ್ಟು ಬೇರೆ ದಾರಿ ಇರಲಿಲ್ಲ. ವೀಟ್‌ಸ್ಟನ್ 1843ರಲ್ಲಿ ಅದನ್ನು ಎತ್ತಿ ಹಿಡಿದರು. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರೊಫೆಸರ್ ಪೀಠ ಓಮ್ ಅವರಿಗೆ ಸಿಕ್ಕಿದ್ದು 1852ರಲ್ಲಿ, ಅರವತ್ಮೂರರ ವಯಸ್ಸಿಗೆ. ಎರಡೇ ವರ್ಷ. 1854ರ ಜುಲೈ 6ರಂದು ಮ್ಯೂನಿಕ್‌ನಲ್ಲೇ ತೀರಿಕೊಂಡರು.

ಅವರು ಹೋದ ಆಸುಪಾಸಿನಲ್ಲೇ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಸಮುದ್ರದಡಿಯ ಕೇಬಲ್ಲಿನಲ್ಲಿ ಸಂಕೇತ ಯಾಕೆ ತಡವಾಗುತ್ತದೆಂದು ಲೆಕ್ಕ ಹಾಕಿದರು. ಕೇಬಲ್ಲಿನ ತಡೆ, ಕೇಬಲ್ಲಿನ ಕೆಪ್ಯಾಸಿಟನ್ಸ್, ಇವೆರಡೂ ಸೇರಿ ತಡ. ನಮ್ಮ ಹೊಲದ ಲೆಕ್ಕದ ಅಣ್ಣ ಅದು. 1858ರಲ್ಲಿ ಹಾಕಿದ ಅಟ್ಲಾಂಟಿಕ್ ಕೇಬಲ್ಲಿಗೆ ವೈಟ್‌ಹೌಸ್ ಎಂಬವರು ವೇಗ ಬೇಕೆಂದು ಹೆಚ್ಚು ವೋಲ್ಟೇಜ್ ಕೊಟ್ಟರು. ಕೆಲವೇ ವಾರದಲ್ಲಿ ಕೇಬಲ್ ಸತ್ತಿತು. ಅಳೆಯದೆ ಜೋರು ಮಾಡುವವರು ಆಗಲೂ ಇದ್ದರು. 1881ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ತಡೆಯ ಅಳತೆಗೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಬೀಗದವನ ಮಗನ ಹೆಸರು ಅವತ್ತಿನಿಂದ ನಮ್ಮ ರೆಸಿಸ್ಟರ್ ಡಬ್ಬಿಯವರೆಗೆ ಬಂದು ಕೂತಿದೆ.

ಕೌಜಲಗಿಗೆ ನಾವು ಮತ್ತೆ ಹೋದ್ವಿ. ಹೊಸ ರೆಸಿಸ್ಟರ್ ಬೆಸುಗೆ ಹಾಕಿದ್ದ ಬೋರ್ಡ್ ಕೂರಿಸಿದ್ವಿ. ಕೋಡಿನಲ್ಲೂ ಒಂದು ತಿದ್ದುಪಡಿ ಮಾಡಿದ್ವಿ. ಸೆನ್ಸರ್ ಉತ್ತರ ಕೊಡದಿದ್ದರೆ ಹಳೆಯ ಅಂಕಿ ಹೋಗಿ ಬರೀ ಗೆರೆ ಬರ್ತದ. ಗೊತ್ತಿಲ್ಲದಾಗ ಗೊತ್ತಿಲ್ಲ ಅಂತ ಹೇಳೋ ಡಬ್ಬಿ. ಮೊದಲ ಸಲ ಇದನ್ನು ಮಾಡಿದ್ದರೆ, ರೆಸಿಸ್ಟರ್ ತಪ್ಪಿದ್ದರೂ ಸಸಿ ಉಳೀತಿದ್ವು. ಬಾಡಿದ ಮಡಿಗೆ ಕಾಕಾ ಹೊಸ ಬೀಜ ಹಾಕಿದ್ದರು, ಆ ಬೀಜದ ರೊಕ್ಕ ನಾವು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ತಪ್ಪು ನಮ್ಮದು, ಡಬ್ಬಿಯದಲ್ಲ ಅಂತ ಅವರ ಮುಂದೆ ಒಪ್ಪಿಕೊಂಡು, ಯಾಕೆ ಆಯಿತು ಅಂತ ತಂತಿ ತೋರಿಸಿ ಹೇಳಿದ್ವಿ. ಅವರು ಪೂರ್ತಿ ಕೇಳಿದರು.

ಈಗ ಡಬ್ಬಿ ಓಡ್ತಾ ಇದೆ. ಆದರೆ ಕಾಕಾ ಪರದೆ ನೋಡಿದ ಮೇಲೆ ಒಮ್ಮೆ ಮಣ್ಣಿನೊಳಗೆ ಬೆರಳು ಇಳಿಸಿ ನೋಡೋದು ಬಿಟ್ಟಿಲ್ಲ. ಅವರು ಅಳೆಯೋದನ್ನ ಬಿಡದೇ ಇರೋದು ನಮಗೆ ಸರಿ ಅನಿಸ್ತದ. ಮುಂದಿನ ಸಲ ನೀವು ಯಾರದೋ ಬೋರ್ಡ್ ನೋಡಿ 4.7 ಕಿಲೋ ಓಮ್ ಎತ್ತಿಕೊಳ್ಳೋವಾಗ, ಒಂದು ನಿಮಿಷ ನಿಂತು ಕೇಬಲ್ ಎಷ್ಟು ಉದ್ದ, ಎಷ್ಟು ಬೋರ್ಡು ಪ್ಯಾರಲಲ್ ಇದ್ದಾವ, ಎರಡೂ ಕಡೆಯ ಕರೆಂಟ್ ಎಷ್ಟು ಅಂತ ಕಾಗದದ ಮೇಲೆ ಬರೀರಿ. ಎಂಟು ತಂತಿ ಕತ್ತರಿಸಿ, ನೀರು ಕುದಿಸಿ, ತಮ್ಮ ತಪ್ಪನ್ನು ತಾವೇ ತಿದ್ದಿದ ಒಬ್ಬ ಮಾಸ್ತರರಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ ಅಷ್ಟೇ.